ಉಪವಾಸ ಬರ್ರಿ

ನಮ್ಮ ನಿಂಬಿ ಹುಟ್ಟಿದಾಗಲೇ ತೂಕದ ಕೂಸು. ನಮ್ಮತ್ತೆ ಸುಭದ್ರಾಬಾಯಿ ಅವಳನ್ನು ಮೊದಲ ಸಲ ಎತ್ತಿಕೊಂಡವರೇ, "ಹೀರಾ, ಇದು ಕೂಸಲ್ಲ ಬೇ, ಹತ್ತಿ ಅಂಡಿಗಿ!" ಎಂದು ನಕ್ಕು, ತಮ್ಮ ತಾಯಿಯ ಹೆಸರನ್ನೇ ಇಟ್ಟು ನಿಂಬೆವ್ವ ಎಂದು ಕರೆದರು. ಮನೆಯೊಳಗೆ ಆ ನಗು ಮುದ್ದಿನದಾಗಿತ್ತು. ಹುಡುಗಿಗೆ ಹದಿನಾಲ್ಕಾಗುವ ಹೊತ್ತಿಗೆ ಅದೇ ನಗು ಬೀದಿಯವರ ಬಾಯಿಗೆ ಹೋಗಿ ಬೇರೆಯೇ ಆಗಿಬಿಟ್ಟಿತ್ತು. ನಿಂಬಿ ಶಾಲೆಗೆ ಹೋಗುವಾಗ ಪಾಟೀಚೀಲವನ್ನು ಹೆಗಲಿಗೆ ಹಾಕುತ್ತಿರಲಿಲ್ಲ. ಹೊಟ್ಟೆಗೆ ಅವಚಿ ಹಿಡಿದು, ಭುಜ ಕುಗ್ಗಿಸಿ, ಗೋಡೆಯ ಪಕ್ಕ ಪಕ್ಕ ನಡೆಯುತ್ತಿದ್ದಳು.

"ಬೆನ್ನು ನೆಟ್ಟಗ ಮಾಡಿ ನಡಿಯವ್ವ" ಎಂದು ನಾನು ದಿನಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಅವಳಿಗೆ ಕೇಳಿಸುತ್ತಲೇ ಇರಲಿಲ್ಲ.

ಕೊನೆಗೆ ಅವಳ ಬೆನ್ನು ನೆಟ್ಟಗೆ ಮಾಡಿದ್ದು ಒಂದು ಕಬ್ಬಿಣದ ಗುಂಡು. ಆಟದ ಮಾಸ್ತರರಾದ ದೇವೀಂದ್ರಪ್ಪನವರು ಒಂದು ಮಧ್ಯಾಹ್ನ ಸಾಮಾನಿನ ಕೋಣೆಯಿಂದ ಗುಂಡುಗಳನ್ನು ಮೈದಾನಕ್ಕೆ ತರಿಸುತ್ತಿದ್ದರಂತೆ. ಉಳಿದ ಹುಡುಗಿಯರು ಕಾಲಿನಿಂದ ಉರುಳಿಸಿಕೊಂಡು ಬರುತ್ತಿದ್ದರೆ, ನಿಂಬಿ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು, ತೆಂಗಿನಕಾಯಿ ತಂದವಳ ಹಾಗೆ ಬಂದು, "ಎಲ್ಲಿ ಇಡ್ಲಿರಿ ಸರ್?" ಎಂದಳು.

"ಎಲ್ಲೂ ಇಡಬ್ಯಾಡ, ಒಗಿ!" ಎಂದರು ಮಾಸ್ತರರು.

ಒಗೆದಳು. ಸಂಜೆ ಮಾಸ್ತರರು ಸೈಕಲ್ಲನ್ನು ನಮ್ಮ ಅಂಗಳದಲ್ಲಿ ಒಗೆದು ಒಳಗೆ ಬಂದರು. "ಹೀರಾಬಾಯಾರ, ಈ ಹುಡುಗಿ ಹೆಗಲಾಗ ತೋಪ್ ಅದರಿ, ಗುಂಡು ಹಾರಸೋ ತೋಪ್!"

ಅಂದಿನಿಂದ ನಿಂಬಿ ಬದಲಾದಳು. ಪಾಟೀಚೀಲ ಹೆಗಲಿಗೆ ಏರಿತು. ಗೋಡೆ ಬಿಟ್ಟು ಬೀದಿಯ ನಡುವೆ ನಡೆಯತೊಡಗಿದಳು. ಗುಂಡನ್ನು ಮನೆಗೂ ತಂದು ಹಿತ್ತಲಲ್ಲಿ ಎಸೆದು, ನಾನು ಹಚ್ಚಿದ್ದ ಮೆಂತ್ಯದ ಮಡಿಯನ್ನೆಲ್ಲ ಹಳ್ಳ ಮಾಡಿದಳು. ಹೋಗಲಿ ಬಿಡು ಎಂದೆ. ಮೆಂತ್ಯ ಸಂತೆಯಲ್ಲಿ ಸಿಗುತ್ತದೆ.

ಅದು ತೊಂಬತ್ತೊಂದನೆಯ ಇಸವಿಯ ಶ್ರಾವಣ. ಆಗಲೇ ನಮ್ಮ ಆಳಂದದ ಓಣಿಗೆ ಡಾಕ್ಟರ್ ಗೌಸಿಯಾಬೇಗಂ ಜೀಪಿನಲ್ಲಿ ಬಂದದ್ದು. ಗುಲಬರ್ಗಾದ ಒಂದು ದವಾಖಾನೆಯವರು. ಹುಟ್ಟಿದ್ದು ಅಫಜಲಪುರದಲ್ಲಿ, ಬೆಳೆದದ್ದು, ಓದಿದ್ದು ಎಲ್ಲ ಹೈದರಾಬಾದಿನಲ್ಲಿ. ಮೈಯಲ್ಲಿ ಕೊಬ್ಬು ಯಾಕೆ ಸೇರುತ್ತದೆ, ರಕ್ತದ ಯಾವ ಹಾರ್ಮೋನು ಅದಕ್ಕೆ ಕಾರಣ ಎಂದು ಸಂಶೋಧನೆ ನಡೆಸಿದ್ದರು. ಅಫಜಲಪುರ, ಜೇವರ್ಗಿ ಎರಡೂ ಕಡೆ ಶಿಬಿರ ಮುಗಿಸಿ ಆಳಂದಕ್ಕೆ ಬಂದಿದ್ದರು. ಆ ಊರುಗಳಲ್ಲಿ ಜನರ ಜೊತೆ ಮಾತಾಡಿದ್ದು ಅವರ ಕಂಪೌಂಡರ. ಅವನು ಆಳಂದಕ್ಕೆ ಬರುವಾಗ ಜ್ವರ ಬಂದು ಮಲಗಿದ್ದ. ಹಾಗಾಗಿ ಡಾಕ್ಟರಬಾಯಿ ತಾವೇ ಮನೆ ಮನೆ ತಿರುಗಿ, ತಾಯಿಯಿಂದ ಕಲಿತ ಕನ್ನಡದಲ್ಲಿ ತಾವೇ ಹೇಳಿದರು.

"ಸೋಮವಾರ ಬೆಳಿಗ್ಗೆ ಶಾಲಿಗಿ ಬರ್ರಿ. ರಕ್ತ ತಗೋತೀವಿ. ಆದರ ಎಲ್ಲರೂ ಉಪವಾಸ ಬರ್ರಿ, ಮರಿಬ್ಯಾಡ್ರಿ."

ನಮ್ಮತ್ತೆಯ ಮುಖ ಅರಳಿತು. "ಶ್ರಾವಣ ಸೋಮವಾರ ಉಪವಾಸ ಇರೋದು ನಮಗ ಹೇಳಬೇಕೇನವ್ವ? ಹುಡುಗಿ ಎಷ್ಟು ಭಕ್ತಿವಂತಳು ನೋಡು ಹೀರಾ, ತಾ ಮುಸಲ್ಮಾನಳಿದ್ರೂ ನಮ್ಮ ಸೋಮವಾರ ನೆನಪಿಟ್ಟಾಳ!"

ಡಾಕ್ಟರಬಾಯಿಗೂ ಖುಷಿಯಾಯಿತು. ಹೇಗೂ ಉಪವಾಸವಿರುವ ದಿನವನ್ನೇ ಆರಿಸಿದ್ದು ಅವರದೇ ಉಪಾಯವಂತೆ. ಎದುರುಸಾಲಿನ ಮುಸಲ್ಮಾನರ ಮನೆಗಳವರಿಗೆ, ನಮ್ಮ ವಜೀರುನ್ನಿಸಾ ಆಪಾಳಿಗೂ, ಅವರು ಉರ್ದುವಿನಲ್ಲಿ ಹೇಳಿ ಹೋದರು.

ಸೋಮವಾರ ನಾವು ನಮ್ಮ ಸಾಲಿನವರೆಲ್ಲ ಉಪವಾಸ ಮಾಡಿ, ಮೈತುಂಬ ಸೆರಗು ಹೊದ್ದು ಹೋಗಿ ರಕ್ತ ಕೊಟ್ಟು ಬಂದೆವು. ಅಷ್ಟು ಜನ ಒಂದೇ ದಿನ ಇಷ್ಟು ನಿಷ್ಠೆಯಿಂದ ಉಪವಾಸ ಮಾಡಿದ್ದು ಓಣಿಯಲ್ಲಿ ಅದೇ ಮೊದಲು.

ಆಮೇಲೆ ನಾವು ಅದನ್ನು ಮರೆತೇಬಿಟ್ಟೆವು. ನಿಂಬಿ ತಾಲೂಕಿನ ಆಟದಲ್ಲಿ ಮೊದಲು ಬಂದಳು. ಖಜೂರಿಯ ಹುಡುಗಿ, ನರೋಣಾದ ಹುಡುಗಿ ಎಲ್ಲರ ಗುಂಡೂ ಇವಳದಕ್ಕಿಂತ ಎಷ್ಟೋ ಹಿಂದೆ ಬಿದ್ದವು. ದೀಪಾವಳಿಯಾದ ಮೇಲೆ ಗುಲಬರ್ಗಾದಲ್ಲಿ ಜಿಲ್ಲೆಯ ಆಟ. ಅಲ್ಲಿಗೆ ಹೋಗಲು ಬೇಕಾದದ್ದು ಒಂದೇ: ಮೈ ನೆಟ್ಟಗಿದೆ ಎಂದು ಡಾಕ್ಟರರ ಸಹಿ.

"ಗೌಸಿಯಾಬೇಗಂ ಬಾಯಾರೇ ಹಾಕಿ ಕೊಡ್ತಾರ ತಗೋ" ಎಂದರು ಮಾಸ್ತರರು.

ಡಾಕ್ಟರಬಾಯಿ ಬಂದರು. ಆದರೆ ಅವರ ಮುಖದಲ್ಲಿ ಚಿಂತೆ ಎಷ್ಟಿತ್ತೋ ಸಂಭ್ರಮವೂ ಅಷ್ಟೇ ಇತ್ತು. ನಿಂಬಿಯನ್ನು ಪಕ್ಕ ಕೂರಿಸಿಕೊಂಡು ಕೈ ಹಿಡಿದರು.

"ನೋಡ್ರಿ, ಇನ್ಸುಲಿನ್ ಅಂತ ಒಂದು ಹಾರ್ಮೋನ್ ಅದ. ಉಂಡ ಅನ್ನದ ಸಕ್ಕರಿ ರಕ್ತದಾಗ ಬಂದ ಕೂಡಲೆ ಅದು ಎದ್ದು, ಸಕ್ಕರಿನ ಮೈಯೊಳಗ ಅಲ್ಲಲ್ಲಿ ಹಂಚಿ ಬರ್ತದ. ಉಪವಾಸದಾಗ ಅದಕ್ಕ ಕೆಲಸಿಲ್ಲ, ಮಲಗಿರಬೇಕು."

"ಉಪವಾಸದಾಗ ಮಲಗಿದ್ರ ಹೆಂಗ್ರಿ?" ಎಂದರು ನಮ್ಮತ್ತೆ. "ಉಪವಾಸದ ದಿನವೇ ಕೆಲಸ ಜಾಸ್ತಿ."

ಡಾಕ್ಟರಬಾಯಿ ನಕ್ಕು ಮುಂದುವರಿಸಿದರು. "ನಿಂಬೆವ್ವನ ರಕ್ತದಾಗ ಅದು ಮಲಗೇ ಇಲ್ಲ. ಕುಣಿಯಾಕತ್ತದ. ಸಕ್ಕರಿ ಜಾಸ್ತಿ, ರಕ್ತದಾಗ ಕೊಬ್ಬೂ ಜಾಸ್ತಿ. ಹಿಂಗಿದ್ದವರಿಗೆ ಲಿವರದಾಗೂ ಕೊಬ್ಬು ಕೂಡ್ತದ. ಇವಳಿಗಿ ಕೊಬ್ಬು ಬಂದಿರಬಹುದು ಅಂತ ನನಗ ಸಂಶಯ."

ನಮ್ಮತ್ತೆ ಎದ್ದು ನಿಂತರು. "ಯಾರಿಗಿ ಕೊಬ್ಬು? ನನ್ನ ಮೊಮ್ಮಗಳಿಗಾ? ಇಷ್ಟು ತಗ್ಗಿ ಬಗ್ಗಿ ನಡೆಯೋ ಹುಡುಗಿ ಆಳಂದದಾಗ ಇನ್ನೊಬ್ಬಳನ್ನ ತೋರಸ್ರಿ ನೋಡೋಣ! ಒಂದಿನ ಎದುರು ಮಾತಾಡಿಲ್ಲ!"

"ಆ ಕೊಬ್ಬಲ್ಲ ಅಮ್ಮಾ..." ಎಂದು ಡಾಕ್ಟರಬಾಯಿ ಕೈಯಲ್ಲೇ ಲಿವರಿನ ಆಕಾರ ಮಾಡಿ ಎಷ್ಟು ತಿಳಿಸಿದರೂ ನಮ್ಮತ್ತೆ ಸೆರಗು ಕೊಡವಿ ಒಳಗೆ ಹೋದರು.

ಆಮೇಲೆ ಡಾಕ್ಟರಬಾಯಿ ನನಗೆ ಹೇಳಿದ್ದು ಇನ್ನೂ ವಿಚಿತ್ರ. ನಮ್ಮ ಸಾಲಿನ ಮನೆಗಳವರೆಲ್ಲರ ರಕ್ತವೂ ಹೀಗೇ ಇದೆ. ಎದುರುಸಾಲಿನವರದು ಎಲ್ಲ ಸರಿ. ಒಂದೇ ಬಾವಿಯ ನೀರು, ಒಂದೇ ಸಂತೆಯ ಜೋಳ, ನಡುವೆ ಒಂದು ಗಟಾರ ಅಷ್ಟೆ! "ಇದು ದೊಡ್ಡ ಶೋಧ ಹೀರಾಬಾಯಿ. ನಮ್ಮ ಪ್ರೊಫೆಸರ್ ಸಾಹೇಬರು ಹೈದರಾಬಾದಿಗಿ ಫೋನ್ ಮಾಡಿ ಹೇಳ್ಯಾರ" ಎನ್ನುವಾಗ ಅವರ ಕಣ್ಣು ಹೊಳೆಯುತ್ತಿದ್ದವು. ಮರುಕ್ಷಣ ನಿಂಬಿಯ ಕಡೆ ನೋಡಿ ದನಿ ತಗ್ಗಿಸಿದರು. "ಸ್ಕ್ಯಾನ್ ಆಗೋತನಕ ನಾ ಸಹಿ ಹಾಕಂಗಿಲ್ಲ, ಬೇಟಾ. ಗುಂಡು ಬ್ಯಾಡ."

ನಿಂಬಿ ಅಳಲಿಲ್ಲ. ಎದ್ದು ಹೋಗಿ ಹಿತ್ತಲಿನಿಂದ ಗುಂಡನ್ನು ತಂದು, ಜೋಳದ ಡಬ್ಬಿಯ ಹಿಂದೆ ಇಟ್ಟು, ಅದರ ಮೇಲೆ ಒಂದು ಖಾಲಿ ಚೀಲ ಮುಚ್ಚಿದಳು. ಮರುದಿನ ಶಾಲೆಗೆ ಹೋಗುವಾಗ ಪಾಟೀಚೀಲ ಮತ್ತೆ ಹೊಟ್ಟೆಗೆ ಬಂದಿತ್ತು.

ಆ ದಿನಗಳಲ್ಲಿ ನಮ್ಮ ಮನೆ ಹುಚ್ಚರ ಸಂತೆ. ನಮ್ಮ ಮನೆಯವರು ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟವರು. ಛತ್ರಿಯ ಕಡ್ಡಿಯ ಹಾಗೆ ಇದ್ದಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಯೇ ಕೂತು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತ, ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಯುವ ಅವರು, ಮನೆಗೆ ಬಂದರೆ ಮಗಳ ಊಟದ ಮೇಲೆ ಕಾವಲು ಹಾಕಿದರು.

"ನನ್ನ ನೋಡಿ ಕಲಿ ನಿಂಬಿ. ಮೈಯಾಗ ಒಂದು ತೊಲಿ ಕೊಬ್ಬು ಅದೇನು?"

"ನಿನ್ನ ಮೈಯಾಗ ಮೈಯೇ ಇಲ್ಲೋ ಜಗದೇವ" ಎನ್ನುತ್ತಿದ್ದರು ನಮ್ಮತ್ತೆ, ಒಳಗಿಂದ.

ಅವರು ಹಗಲೆಲ್ಲ ಮಗನಿಗೆ ಹೂಂ ಎಂದು, ಸಂಜೆ ಮೊಮ್ಮಗಳ ದಿಂಬಿನಡಿ ಶೇಂಗಾದ ಉಂಡಿ ಇಡುತ್ತಿದ್ದರು. ನಿಂಬಿ ಅದನ್ನು ತಿನ್ನದೆ ತಂದು ನನ್ನ ಕೈಯಲ್ಲಿ ಇಡುತ್ತಿದ್ದಳು. ಮಕ್ಕಳು ಹಟ ಮಾಡಿದರೆ, ಅತ್ತರೆ ಹೇಗೋ ಸಮಾಧಾನ ಮಾಡಬಹುದು. ಹೀಗೆ ಹೇಳಿದಂತೆ ಕೇಳುವ ಮಗುವನ್ನು ಏನು ಮಾಡಲಿ? ತಲೆ ಬಾಚುವಾಗ ಒಮ್ಮೆ ಕೇಳಿದಳು.

"ಯವ್ವಾ, ನನ್ನೊಳಗಿನ ಹಾರ್ಮೋನ್ ಮಲಗಲಿಕ್ಕೆ ಏನು ಮಾಡಬೇಕು?"

"ಜೋಗುಳ ಹಾಡೋಣ ತಗೋ" ಎಂದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿ, "ಹಾಡಿ ನೋಡು" ಎಂದಳು. ಹದಿನಾಲ್ಕು ವರ್ಷದ ಹುಡುಗಿಯ ಹೊಟ್ಟೆಯ ಮೇಲೆ ಕೈ ಇಟ್ಟು, ಅವಳ ಹಾರ್ಮೋನಿಗೆ ನಾನು ಜೋಗುಳ ಹಾಡಿದೆ. ಅರ್ಧ ಹಾಡುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಿಲ್ಲ. ಜಡೆ ಸೊಟ್ಟಗಾಯಿತು.

ಜಿಲ್ಲೆಯ ಆಟಕ್ಕೆ ಎರಡು ದಿನ ಮೊದಲು ಡಾಕ್ಟರಬಾಯಿ ಮತ್ತೆ ಬಂದರು. ಸ್ಕ್ಯಾನ್ ಯಂತ್ರ ಖಾಲಿ ಸಿಕ್ಕಿದ್ದು ಆಟದ ದಿನವೇ. ಬೆಳಿಗ್ಗೆ ಅದನ್ನು ಮುಗಿಸಿ, ಎಲ್ಲ ಸರಿ ಇದ್ದರೆ ಅಲ್ಲೇ ಸಹಿ ಹಾಕಿ ಕೊಡುತ್ತೇನೆ ಎಂದರು. "ಹೋಲಿಸಿ ನೋಡಲಿಕ್ಕೆ ಮನಿಯವರೇ ಒಬ್ಬರು ತೆಳ್ಳಗಿನವರು ಬೇಕು" ಎಂದಾಗ ನಮ್ಮ ಮನೆಯವರು ಕಾಲರ ಸರಿ ಮಾಡಿಕೊಂಡು, "ನಾ ಬರ್ತೇನ್ರಿ, ಮಾದರಿಗಿ" ಎಂದರು.

"ರಕ್ತವನ್ನೂ ಮತ್ತೊಮ್ಮೆ ತಗೋತೀನಿ" ಎಂದು ಡಾಕ್ಟರಬಾಯಿ ಏಳುತ್ತ ಹೇಳಿದರು. "ಹೋದ ಸಲದ ಹಂಗೇ ಉಪವಾಸ ಬರ್ರಿ."

"ಆಯ್ತವ್ವ" ಎಂದರು ನಮ್ಮತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಹೀರಾ, ಸಾಬುದಾಣಿ ಅದೇನು? ನಾಳಿ ಸಂಜಿಕ ನೆನಿಹಾಕಬೇಕು."

ಡಾಕ್ಟರಬಾಯಿ ಬಾಗಿಲಲ್ಲಿ ನಿಂತರು. ಒಂದು ಕಾಲಿಗೆ ಚಪ್ಪಲಿ ಹಾಕಿದ್ದರು, ಇನ್ನೊಂದಕ್ಕೆ ಇಲ್ಲ. "ಸಾಬುದಾಣಿ ಯಾಕಮ್ಮ?"

"ಉಪವಾಸಕ್ಕ!"

"ಉಪವಾಸ ಮುಗಿದ ಮ್ಯಾಲ ತಿನ್ನಲಿಕ್ಕ?"

"ಮುಗಿದ ಮ್ಯಾಲ ಅನ್ನ ಇರ್ತದಲ್ಲವ್ವ. ಸಾಬುದಾಣಿ ಖಿಚಡಿ ಉಪವಾಸದಾಗ ತಿನ್ನೋದು."

"ಉಪವಾಸದಾಗ... ತಿನ್ನೋದು?"

ನಮ್ಮತ್ತೆಗೆ ಈ ಹುಡುಗಿಯ ಮೇಲೆ ಕನಿಕರ ಬಂತು. ಕೈಹಿಡಿದು ಒಳಗೆ ಕರೆತಂದು ಕೂರಿಸಿ, ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದರು. "ಉಪವಾಸ ಅಂದ್ರ ಅನ್ನ ರೊಟ್ಟಿ ಮುಟ್ಟಬಾರದು. ಫರಾಳ ಮಾಡಬೇಕು. ಖಿಚಡಿ, ಅದಕ್ಕ ತುಪ್ಪ, ಶೇಂಗಾ ಪುಡಿ. ಬಟಾಟಿ ಪಲ್ಯ. ಶೇಂಗಾದ ಉಂಡಿ. ಬಾಳಿಹಣ್ಣು, ಖಜೂರ. ಹಾಲಿಗಿ ಸಕ್ಕರಿ ಹಾಕಿ..."

"ಶ್ರಾವಣ ಸೋಮವಾರ ರಕ್ತ ಕೊಟ್ಟಾಗ?"

"ಅವತ್ತು ನೀವು ಇಷ್ಟು ಕಾಳಜಿಲಿಂದ ಹೇಳಿದ್ರಿ ಅಂತ ಪೇಡಾನೂ ಮಾಡಿದ್ದೆ. ನಿಂಬಿ ಎರಡು ತಾಟು ಖಿಚಡಿ ತಿಂದು ಬಂದಿದ್ದಳು. ರಕ್ತ ಕೊಡಬೇಕಲ್ಲ, ಶಕ್ತಿ ಬೇಕು!"

"ಈ ಸಾಲಿನ ಮನಿಯವರೆಲ್ಲ?"

"ಎಲ್ಲಾರೂ. ಒಬ್ಬರೂ ತಪ್ಪಿಸಿಲ್ಲ."

ಡಾಕ್ಟರಬಾಯಿ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ನಾನು ನೀರು ತಂದೆ. ಮುಖ ಎತ್ತಿದರೆ ಕಣ್ಣಲ್ಲಿ ನೀರು, ಬಾಯಿತುಂಬ ನಗು. "ಯಾ ಅಲ್ಲಾ! ನಾ ಉಪವಾಸ ಅಂದ್ರ ನಮ್ಮ ರಂಜಾನಿನ ರೋಜಾ ಅಂದ್ಕೊಂಡಿದ್ದೆ! ಹನಿ ನೀರೂ ಕುಡಿಯಂಗಿಲ್ಲ ಅಂತ! ಪ್ರೊಫೆಸರ್ ಸಾಹೇಬರಿಗೆ ಏನಂತ ಹೇಳಲಿ? ದೊಡ್ಡ ಶೋಧ ಖಿಚಡಿ ಅಂತ ಹೇಳಲಾ?"

ಗದ್ದಲ ಕೇಳಿ ವಜೀರುನ್ನಿಸಾ ಆಪಾ ಎದುರಿನಿಂದ ಓಡಿ ಬಂದಳು. ವಿಷಯ ತಿಳಿದ ಮೇಲೆ ಅವಳು ನಮ್ಮ ಕಂಬ ಹಿಡಿದುಕೊಂಡೇ ನಕ್ಕಳು. "ನಮಗ ಬಾಯಿ ಉರ್ದುದಾಗ ಖಾಲಿ ಪೇಟ್ ಅಂದ್ರು, ನಾವು ಖಾಲಿ ಹೊಟ್ಟಿಲೆ ಹಸಿದು ಸತ್ತಿವಿ. ಇವರು ನೋಡು! ಹೀರಾ, ನಿಮ್ಮ ಒಂದು ಉಪವಾಸದಾಗ ನಮ್ಮ ಒಂದು ಬಕ್ರೀದ್ ಆಗ್ತದ ಬೇ!"

"ಏನೂ ತಿನ್ನದೆ ಕುಂದ್ರೋದು ಉಪವಾಸ ಅಲ್ಲ, ಉಪದ್ರ" ಎಂದರು ನಮ್ಮತ್ತೆ, ಬಿಟ್ಟುಕೊಡದೆ.

ಈ ನಗೆಯ ನಡುವೆ ನಿಂಬಿ ಒಬ್ಬಳೇ ನಗದೆ ನಿಂತಿದ್ದಳು. "ಡಾಕ್ಟರಬಾಯಿ, ಅಂದ್ರ ನನಗ ಏನೂ ಆಗಿಲ್ಲೇನ್ರಿ?"

ಡಾಕ್ಟರಬಾಯಿ ನಗು ನಿಲ್ಲಿಸಿದರು. "ಅದನ್ನ ಯಂತ್ರ ಹೇಳಬೇಕು ಬೇಟಾ. ನಾ ಒಮ್ಮೆ ಗಡಬಡ ಮಾಡಿದ್ದು ಸಾಕು. ಖಾಲಿ ಹೊಟ್ಟಿಲೆ ಬಾ. ಖಾಲಿ ಅಂದ್ರ ಖಾಲಿ."

ಆಟದ ದಿನ ಬೆಳಗಿನ ಮೊದಲ ಬಸ್ಸಿಗೆ ನಾವು ನಾಲ್ವರೂ ಹತ್ತಿದೆವು. ನಿಂಬಿ ನಿಜವಾಗಿಯೂ ಖಾಲಿ ಹೊಟ್ಟೆಯಲ್ಲಿದ್ದಳು. ಮಾದರಿಯವರೂ ಖಾಲಿ ಹೊಟ್ಟೆ. ಚಹಾ ಇಲ್ಲದೆ ಅವರ ಮುಖ ಒಣಗಿದ ಹುಣಸೆಯಾಗಿತ್ತು. ನಮ್ಮತ್ತೆ ಮಾತ್ರ ಮಡಿಲಲ್ಲಿ ಹಿತ್ತಾಳೆ ಡಬ್ಬಿ ಇಟ್ಟುಕೊಂಡಿದ್ದರು. ಸೂಜಿ ಹೊರಗೆ ಬಂದ ಗಳಿಗೆಗೇ ಮೊಮ್ಮಗಳ ಬಾಯಿಗೆ ಹಾಕಬೇಕೆಂದು ಬಿಸಿ ಖಿಚಡಿ. ತುಪ್ಪದ ವಾಸನೆಗೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ಕಂಡಕ್ಟರ ಟಿಕೀಟು ಹರಿಯುತ್ತ, "ಆಯಿ, ಡಬ್ಬಿಗೂ ಒಂದು ಅರ್ಧ ಟಿಕೀಟು ತಗೋರಿ" ಎಂದ.

ದವಾಖಾನೆಯಲ್ಲಿ ಮೊದಲು ರಕ್ತ ತೆಗೆದರು. ಡಬ್ಬಿಯ ಮುಚ್ಚಳ ತೆಗೆಯಲು ಹೋದ ನಮ್ಮತ್ತೆಯನ್ನು ಡಾಕ್ಟರಬಾಯಿ ತಡೆದರು. ಸ್ಕ್ಯಾನ್ ಮುಗಿಯಬೇಕು. ಕತ್ತಲೆ ಕೋಣೆಯಲ್ಲಿ ನಿಂಬಿ ಮಲಗಿದಳು. ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಏನನ್ನೋ ಉಜ್ಜಿದರೆ ಪಕ್ಕದ ಟೀವಿಯಂಥ ಪೆಟ್ಟಿಗೆಯಲ್ಲಿ ಮಂಜು ಮಂಜಾಗಿ ಕಂಡಿತು. ನನಗೆ ಏನೂ ತಿಳಿಯಲಿಲ್ಲ. ನಾನು ಪೆಟ್ಟಿಗೆ ಬಿಟ್ಟು ಡಾಕ್ಟರಬಾಯಿಯ ಮುಖವನ್ನೇ ನೋಡಿದೆ. ಆ ಮುಖ ನಿಧಾನಕ್ಕೆ ಸಡಿಲಾಯಿತು.

"ಲಿವರ್ ಎಷ್ಟು ಸ್ವಚ್ಛ ಅದ ನೋಡು! ಸಕ್ಕರಿನೂ ನೋಡಿದೆ, ಸರಿ ಅದ. ಹಾರ್ಮೋನಿನ ವರದಿ ಹೈದರಾಬಾದಿನಿಂದ ಬರಬೇಕು, ಆದರ ಅದರ ಸಲುವಾಗಿ ನಿನ್ನ ಗುಂಡು ನಿಲ್ಲಿಸಂಗಿಲ್ಲ. ಮೈ ದೊಡ್ಡದದ, ಮುಂದೂ ನೋಡಿಕೊಳ್ಳಬೇಕು. ಓಡು, ಒಗಿ, ಆಯಿಯ ಉಂಡಿ ಎರಡು ಇದ್ದಲ್ಲಿ ಒಂದು ತಿನ್ನು."

ನಿಂಬಿ ಅಂಟು ಒರೆಸಿಕೊಳ್ಳದೆಯೇ ಎದ್ದು ನನ್ನನ್ನು ತಬ್ಬಿಕೊಂಡಳು. ನನ್ನ ಹೊಸ ಸೀರೆಯೆಲ್ಲ ಅಂಟಾಯಿತು.

"ಹೂಂ, ಈಗ ಮಾದರಿ ಬರ್ರಿ" ಎಂದರು ಡಾಕ್ಟರಬಾಯಿ.

ನಮ್ಮ ಮನೆಯವರು ಅಂಗಿ ಎತ್ತಿ, ಮಂಚದ ಮೇಲೆ ಮಲಗಿ, ಮಗಳ ಕಡೆ ನೋಡಿ ಹುಬ್ಬು ಹಾರಿಸಿದರು. ಡಾಕ್ಟರಬಾಯಿ ಉಜ್ಜಿದರು. ಮತ್ತೊಮ್ಮೆ ಉಜ್ಜಿದರು. ಕನ್ನಡಕ ಒರೆಸಿ ಹಾಕಿಕೊಂಡರು.

"ಜಗದೇವಪ್ಪನವರ, ನಿಮಗ ಕೊಬ್ಬು ಅದರಿ."

"ಹುಟ್ಟಿದಾಗಿಂದ ಅದ ಅವನಿಗಿ!" ಎಂಬ ದನಿ ಬಾಗಿಲ ಆಚೆಯಿಂದ ಬಂತು. ನಮ್ಮತ್ತೆ ಕಿವಿಗೊಟ್ಟು ನಿಂತಿದ್ದರು.

"ಯಂತ್ರ ಕೆಟ್ಟದ ನೋಡ್ರಿ" ಎಂದರು ನಮ್ಮ ಮನೆಯವರು, ಮಲಗಿದಲ್ಲಿಂದಲೇ.

ಯಂತ್ರ ಕೆಟ್ಟಿರಲಿಲ್ಲ. ಮೇಲೆ ತೆಳ್ಳಗೆ ಕಂಡವರಿಗೂ ಒಳಗೆ ಲಿವರಿನಲ್ಲಿ ಕೊಬ್ಬು ಕೂಡುತ್ತದೆ ಎಂದು ಡಾಕ್ಟರಬಾಯಿ ವಿವರಿಸಿದರು. ದಿನವಿಡೀ ಕೂತು ಬೆಲ್ಲ, ಸಕ್ಕರೆ ಚಹಾ ತೆಗೆದುಕೊಂಡರೆ ಹೀಗಾಗಬಹುದು. ಈಗ ಹೆದರಬೇಕಾಗಿಲ್ಲ, ನಡೆದು, ಸಿಹಿ ಬಿಟ್ಟರೆ ಕರಗುತ್ತದೆ. ಅವರ ಕಣ್ಣಲ್ಲಿ ಮತ್ತೆ ಆ ಹೊಳಪು ಬಂದಿತ್ತು. "ನನ್ನ ಶೋಧ ಇಲ್ಲಿ ಮಲಗ್ಯಾದ ನೋಡ್ರಿ, ಹೀರಾಬಾಯಿ!"

ಆಮೇಲಿನದು ಎಲ್ಲ ಓಟ. ಡಾಕ್ಟರಬಾಯಿ ಖಿಚಡಿಯ ಒಂದು ತುತ್ತು ತಿಂದು, "ಇದಕ್ಕ ಇನ್ಸುಲಿನ್ ಏಳದೆ ಇರ್ತದ?" ಎನ್ನುತ್ತ ತುಪ್ಪದ ಕೈಯಲ್ಲೇ ಸಹಿ ಹಾಕಿದರು. ಆಟೋದಲ್ಲಿ ನಿಂಬಿ ತಿನ್ನುತ್ತಿದ್ದಳು, ನಮ್ಮತ್ತೆ ತುಂಬಿಸುತ್ತಿದ್ದರು, ನಮ್ಮ ಮನೆಯವರು ಡಬ್ಬಿಯತ್ತ ಕೈ ಚಾಚಿದಾಗಲೆಲ್ಲ ಏಟು ತಿನ್ನುತ್ತಿದ್ದರು. ಮೈದಾನದ ಬಾಗಿಲಲ್ಲಿ ದೇವೀಂದ್ರಪ್ಪ ಮಾಸ್ತರರು ಒಂಟಿಕಾಲಲ್ಲಿ ಕುಣಿಯುತ್ತಿದ್ದರು. "ಹೆಸರು ಕೂಗಾಕತ್ತಾರ! ಓಡು!"

ಮೊದಲ ಸಲ ನಿಂಬಿ ನಗು ತಡೆಯಲಾರದೆ ಗೆರೆ ದಾಟಿದಳು, ಎಸೆತ ಲೆಕ್ಕಕ್ಕೆ ಬರಲಿಲ್ಲ. ಎರಡನೆಯ ಸಲ ಎಸೆತ ಮೋಟಾಯಿತು. ಜೇವರ್ಗಿಯ ಹುಡುಗಿ, ಹೋದ ವರ್ಷ ಗೆದ್ದವಳು, ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದಳು. ಮೂರನೆಯ ಸಲ ನಿಂಬಿ ಗುಂಡನ್ನು ಕುತ್ತಿಗೆಗೆ ಒತ್ತಿ ನಿಂತಳು. ಅಷ್ಟು ಜನ ನೋಡುತ್ತಿದ್ದರು. ಅವಳು ಭುಜ ಕುಗ್ಗಿಸಲಿಲ್ಲ. ಆ ದೊಡ್ಡ ಮೈಯೆಲ್ಲ ಒಮ್ಮೆ ತಿರುಗಿತು. ಗುಂಡು ಹೋಗಿ, ಅಳತೆ ಪಟ್ಟಿ ಹಿಡಿದವನು ಹಾರಿ ಹಿಂದೆ ಸರಿಯುವಲ್ಲಿ ಬಿತ್ತು.

ಜೇವರ್ಗಿಯವಳದು ಇನ್ನೊಂದು ಗೇಣು ಮುಂದೆ ಇತ್ತು. ನಮ್ಮ ನಿಂಬಿ ಎರಡನೆಯವಳು. ಮುಂದಿನ ಆಟಕ್ಕೆ ಇಬ್ಬರನ್ನೂ ಆರಿಸಿದರು.

"ಇನ್ನೊಂದು ಉಂಡಿ ತಿಂದಿದ್ರ ಅಫಜಲಪುರದಾಗ ಬೀಳ್ತಿತ್ತು" ಎಂದರು ನಮ್ಮತ್ತೆ. ಮರುಗಳಿಗೆ ಜೇವರ್ಗಿಯ ಹುಡುಗಿಯನ್ನೂ ಕರೆದು, "ಬಾರವ್ವ, ಹಸಿದಿರ್ತಿ" ಎಂದು ಡಬ್ಬಿಯ ತಳದಲ್ಲಿದ್ದುದನ್ನು ಅವಳ ಕೈಗೆ ಹಾಕಿದರು.

ಡಾಕ್ಟರಬಾಯಿ ಆಳಂದದ ಶಿಬಿರವನ್ನು ಮತ್ತೆ ಮೊದಲಿನಿಂದ ಮಾಡಿದರು. ಈ ಸಲ ಜೀಪಿನ ಮೈಕಿನಲ್ಲಿ ಕೂಗಿದ್ದು ವಜೀರುನ್ನಿಸಾ ಆಪಾ. "ಖಾಲಿ ಹೊಟ್ಟಿಲೆ ಬರ್ರಿ! ಖಿಚಡಿ ಇಲ್ಲ, ಉಂಡಿ ಇಲ್ಲ, ಪೇಡಾ ಇಲ್ಲ! ಸುಭದ್ರಾಬಾಯಿಯವರೇ, ನಿಮಗೇ ಹೇಳಾಕತ್ತೇನ್ರಿ!"

ಈಗ ದಿನಾ ಬೆಳಿಗ್ಗೆ, ನಾನು ರೊಟ್ಟಿ ತಟ್ಟಲು ಕೂರುವ ಮೊದಲು, ಅಪ್ಪ ಮಗಳು ಶಾಲೆಯ ಮೈದಾನಕ್ಕೆ ಹೋಗುತ್ತಾರೆ. ಅವಳು ಗುಂಡು ಹಿಡಿದು ಬೀದಿಯ ನಡುವೆ ಮುಂದೆ. ಇವರು ಚಹಾ ಸಿಗದ ಮುಖ ಹೊತ್ತು, ಯಾರಾದರೂ ನೋಡಿಯಾರೆಂದು ಭುಜ ಕುಗ್ಗಿಸಿ, ಗೋಡೆಯ ಪಕ್ಕ ಪಕ್ಕ. ನಾನು ಬಾಗಿಲಿಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ನಿಂಬಿಯೇ ಹಿಂತಿರುಗಿ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ.

"ಅಪ್ಪಾ, ಬೆನ್ನು ನೆಟ್ಟಗ ಮಾಡಿ ನಡಿರಿ!"